ಕಲಾಮಂದಿರದ ನಾಟಕಕ್ಕೆ ಮುಂಚೆ ಊಟಕ್ಕೆ ಎಲ್ಲಿ ಕೂರುತ್ತೀರಿ, ನೋಡಿಕೊಳ್ಳಿ

ಮೈಸೂರಿನ ಕಲಾಮಂದಿರದಲ್ಲೋ ರಂಗಾಯಣದಲ್ಲೋ ನಾಟಕ ಇದೆ, ಹಾಗೇ ಕಾಳಿದಾಸ ರಸ್ತೆ ಕಡೆ ಊಟ ಮುಗಿಸಿಕೊಂಡು ಹೋಗೋಣ ಅಂತ ನೀವು ಅಂದುಕೊಂಡಿದ್ದರೆ, ಅದರಲ್ಲೂ ಶುಗರ್ ಇರುವ ಹಿರಿಯರು ಜೊತೆಗಿದ್ದರೆ, ದಯವಿಟ್ಟು ಇದನ್ನು ಪೂರ್ತಿ ಓದಿ. ನಮಗಾದದ್ದು ನಿಮಗೆ ಆಗಬಾರದು.

ನಮ್ಮ ದೊಡ್ಡಮ್ಮ ಮದ್ದೂರು ಹತ್ತಿರದ ಹಳ್ಳಿಯವರು. 72 ವರ್ಷ. ಅವರ ಮೊಮ್ಮಗಳು, ಅಂದರೆ ನಮ್ಮಣ್ಣನ ಮಗಳು, ಮೈಸೂರಿನಲ್ಲಿ ನಮ್ಮ ಮನೆಯಲ್ಲೇ ಇದ್ದು ಡಿಗ್ರಿ ಓದುತ್ತಿದ್ದಾಳೆ. ಈ ವರ್ಷ ಒಂದು ಹವ್ಯಾಸಿ ನಾಟಕ ತಂಡ ಸೇರಿಕೊಂಡಳು. ಹೋದ ತಿಂಗಳು ಒಂದು ಭಾನುವಾರ ಕಲಾಮಂದಿರದ ಆವರಣದಲ್ಲೇ ಇರುವ ಕಿರುರಂಗಮಂದಿರದಲ್ಲಿ ಅವಳ ಮೊದಲ ನಾಟಕ. ಪಾತ್ರ ಚಿಕ್ಕದು, ಒಂದೇ ದೃಶ್ಯ, ಅದೂ ನಾಟಕ ಶುರುವಾದ ಹತ್ತು ನಿಮಿಷಕ್ಕೆ ಬಂದು ಹೋಗುತ್ತದೆ. ಅಷ್ಟಕ್ಕೇ ದೊಡ್ಡಮ್ಮ ರೇಷ್ಮೆ ಸೀರೆ ಉಟ್ಟುಕೊಂಡು, ಎರಡು ಪೊಟ್ಟಣ ಮದ್ದೂರು ವಡೆ ಹಿಡಿದುಕೊಂಡು ರೈಲು ಹತ್ತಿ ಬಂದಿದ್ದರು. ಚಿಕ್ಕ ವಯಸ್ಸಿನಲ್ಲಿ ಊರ ಜಾತ್ರೆಯಲ್ಲಿ ಬೆಳತನಕ ನಾಟಕ ನೋಡಿದವರು ಅವರು. ನಮ್ಮ ಮನೆಯ ಹುಡುಗಿಯೇ ಬಣ್ಣ ಹಚ್ಚುತ್ತಾಳೆ ಅನ್ನೋದು ಅವರಿಗೆ ಎಷ್ಟು ದೊಡ್ಡ ವಿಷಯ ಅಂತ ಹೇಳಬೇಕಾಗಿಲ್ಲ ಅಲ್ವಾ.

ನಾಟಕ 7 ಗಂಟೆಗೆ. ದೊಡ್ಡಮ್ಮ ಊರಲ್ಲಿ ಆರೂವರೆಗೆಲ್ಲಾ ಊಟ ಮುಗಿಸುವವರು, ಊಟಕ್ಕೆ ಅರ್ಧ ಗಂಟೆ ಮುಂಚೆ ಇನ್ಸುಲಿನ್ ತೆಗೆದುಕೊಳ್ಳಬೇಕು. ಹಾಗಾಗಿ ಊಟ ಮುಗಿಸಿಕೊಂಡೇ ನಾಟಕಕ್ಕೆ ಹೋಗುವುದು ಅಂತ ತೀರ್ಮಾನ ಮಾಡಿದೆವು. ನಾನು, ನಮ್ಮ ಮನೆಯವರು, ಮಗ, ದೊಡ್ಡಮ್ಮ, ನಾಲ್ಕು ಜನ. ನಜರ್‌ಬಾದ್‌ಗೆ ಹೋಗಿ ಮೈಲಾರಿ ದೋಸೆ ತಿನ್ನೋಣ ಅಂದರು ಮನೆಯವರು. ಭಾನುವಾರದ ಟ್ರಾಫಿಕ್‌ನಲ್ಲಿ ಅಷ್ಟು ದೂರ ಹೋಗಿ ಬರೋದು ಬೇಡ, ಜಯಲಕ್ಷ್ಮೀಪುರಂ ಕಡೆಯಾದರೆ ಕಲಾಮಂದಿರಕ್ಕೆ ಹತ್ತಿರ ಅಂತ ಹೇಳಿದ್ದು ನಾನೇ.

ಆ ಏರಿಯಾ ಗೊತ್ತಿರುವವರಿಗೆ ಗೊತ್ತು. ಒಂಟಿಕೊಪ್ಪಲು, ಕಾಳಿದಾಸ ರಸ್ತೆ, ಜಯಲಕ್ಷ್ಮೀಪುರಂ, ಗೋಕುಲಂ ಕಡೆ ಹಳೇ ಮನೆಗಳು ಒಂದೊಂದಾಗಿ ಕೆಫೆ ಆಗುತ್ತಿವೆ. ಮುಂದೆ ಮಾವಿನ ಮರ, ಮರಕ್ಕೆ ದೀಪದ ಸರ, ಒಳಗೆ ಮಂದ ಬೆಳಕು. ನೋಡಲು ಚೆಂದ ಇರುತ್ತವೆ, ಅದರಲ್ಲಿ ಒಳ್ಳೆಯವೂ ಇವೆ. ನಾವು ಹೋದದ್ದು ಅಂಥದ್ದೇ ಒಂದು ಹೊಸ ಜಾಗ. ಫೋನಿನಲ್ಲಿ ನೋಡಿದರೆ 4.7 ಸ್ಟಾರ್. ಹೆಸರು ಬರೆಯುವುದಿಲ್ಲ. ಇಂಥ ಜಾಗವನ್ನು ಒಳಗೆ ಕಾಲಿಡುವಾಗಲೇ ಹೇಗೆ ಗುರುತಿಸಬಹುದು ಅಂತ ಹೇಳುವುದು ನನಗೆ ಮುಖ್ಯ.

ಒಳಗೆ ಹೋದಾಗ 5.40. ಅರ್ಧ ಟೇಬಲ್ ಖಾಲಿ ಇದ್ದವು. ಮೆನು ಪುಸ್ತಕದಷ್ಟು ದಪ್ಪ. ಪಾಸ್ತಾ, ಪಿಜ್ಜಾ, ಮೊಮೊ, ಗೋಬಿ, ಪನೀರ್, ರಾಗಿ ದೋಸೆ, ಎಲ್ಲಾ ಒಂದೇ ಕಡೆ. ನನಗೆ ಅಲ್ಲೇ ಅನುಮಾನ ಬರಬೇಕಿತ್ತು. ಇಷ್ಟೆಲ್ಲಾ ಬರೆದುಕೊಂಡಿರುವ ಕಡೆ ಅಡುಗೆಮನೆಯಲ್ಲಿ ಎಷ್ಟು ಕೈ ಇರಬಹುದು ಅಂತ ಒಂದು ನಿಮಿಷ ಯೋಚಿಸಿದ್ದರೆ ಸಾಕಿತ್ತು. ದೊಡ್ಡಮ್ಮ ಸುತ್ತ ನೋಡಿ, "ಕತ್ಲಲ್ಲಿ ಕುಂತ್ಕಂಡು ಉಣ್ಣದೇನವ್ವ?" ಅಂದರು. ಆರ್ಡರ್ ತೆಗೆದುಕೊಳ್ಳಲು ಬಂದ ಹುಡುಗನಿಗೆ ಬಿಡಿಸಿ ಹೇಳಿದೆ. ನೋಡಪ್ಪಾ, 7 ಗಂಟೆಗೆ ನಾಟಕ ಇದೆ, ಇವರಿಗೆ ಶುಗರ್ ಇದೆ, ಬೇಗ ಆಗುವುದು ಏನಿದೆ ಹೇಳು. "ಎಲ್ಲಾ ಹದಿನೈದು ನಿಮಿಷ ಮೇಡಂ, ರಾಗಿ ದೋಸೆ ಹತ್ತೇ ನಿಮಿಷ" ಅಂದ. ಆ ಮಾತು ನಂಬಿಕೊಂಡು ದೊಡ್ಡಮ್ಮ ಅಲ್ಲೇ ಮೂಲೆಗೆ ತಿರುಗಿ ಇನ್ಸುಲಿನ್ ಪೆನ್ ಚುಚ್ಚಿಕೊಂಡರು. ಆಗ ಟೈಮ್ 5.50.

ಆರೂಕಾಲು ಆಯಿತು, ಏನೂ ಬರಲಿಲ್ಲ. ಕೇಳಿದರೆ "ಬರ್ತಾ ಇದೆ". ಆರೂವರೆಗೆ ಮಗನ ಗೋಬಿ ಮಾತ್ರ ಬಂತು. ಹೊಳೆಯುವ ಕೆಂಪು. ಟಿಶ್ಯೂನಿಂದ ತಟ್ಟೆಯ ಅಂಚು ಒರೆಸಿದರೆ ಟಿಶ್ಯೂ ಗುಲಾಬಿ ಬಣ್ಣಕ್ಕೆ ತಿರುಗಿತು. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ 2024ರ ಮಾರ್ಚ್‌ನಲ್ಲೇ ನಮ್ಮ ರಾಜ್ಯ ಸರ್ಕಾರ ನಿಷೇಧ ಮಾಡಿದೆ. ಅದನ್ನು ಮಗನಿಗೂ ಕೊಡಲಿಲ್ಲ, ದೊಡ್ಡಮ್ಮನಿಗಂತೂ ಕೊಡುವ ಮಾತೇ ಇಲ್ಲ. ಚೀಲದಲ್ಲಿ ಮದ್ದೂರು ವಡೆ ಇದೆಯಲ್ಲ, ಒಂದು ಮುರಿದು ಬಾಯಿಗೆ ಹಾಕಿಕೊಳ್ಳಿ ಅಂತ ತೆಗೆದುಕೊಟ್ಟೆ. ಎಲ್ಲಿದ್ದನೋ ಏನೋ, ಇನ್ನೊಬ್ಬ ಓಡಿ ಬಂದ. ಹೊರಗಿನ ತಿಂಡಿ ಇಲ್ಲಿ ತಿನ್ನುವ ಹಾಗಿಲ್ಲ ಅಂತ ಗೋಡೆಯ ಮೇಲಿನ ಬೋರ್ಡ್ ತೋರಿಸಿದ. ದೊಡ್ಡಮ್ಮ ನಾಚಿಕೊಂಡು ಪೊಟ್ಟಣ ಮತ್ತೆ ಕಟ್ಟಿ ಒಳಗಿಟ್ಟರು. ಆಗ ನಾನು ಸುಮ್ನಿದ್ದೆ. ಈಗಲೂ ಆ ಪೊಟ್ಟಣ ಕಟ್ಟುತ್ತಿದ್ದ ಅವರ ಬೆರಳುಗಳೇ ಕಣ್ಣ ಮುಂದೆ ಬರುತ್ತವೆ.

6.40ಕ್ಕೆ "ಯಾಕೋ ಕೈ ನಡುಗ್ತಾವೆ ಕಣವ್ವ" ಅಂದರು. ಹಣೆ ಮುಟ್ಟಿದರೆ ತಣ್ಣಗೆ ಬೆವರು, ರವಿಕೆಯ ಬೆನ್ನು ಪೂರ್ತಿ ಒದ್ದೆ. ಏನು ಕೇಳಿದರೂ ಉತ್ತರ ತಡವಾಗಿ ಬರುತ್ತಿತ್ತು. ಚೀಲದಲ್ಲಿ ಶುಗರ್ ನೋಡುವ ಮಿಷನ್ ಇತ್ತು, ಬೆರಳು ಚುಚ್ಚಿ ನೋಡಿದರೆ 58. 70ಕ್ಕಿಂತ ಕೆಳಗೆ ಇಳಿದರೆ ಅಪಾಯ ಅಂತ ಶುಗರ್ ಇರುವ ಮನೆಯವರಿಗೆಲ್ಲಾ ಗೊತ್ತು. ಮನೆಯವರು ಅಡುಗೆಮನೆಗೇ ನುಗ್ಗಿ ಸಕ್ಕರೆ ಕೇಳಿದರು. ಅಲ್ಲಿ ಇದ್ದದ್ದು ಒಬ್ಬನೇ ಅಡುಗೆಯವನು. ಎರಡು ಒಲೆ, ಕಣ್ಣೆದುರಿಗೇ ಹತ್ತಾರು ಆರ್ಡರ್ ಚೀಟಿ ನೇತಾಡುತ್ತಿದ್ದವಂತೆ, ಅರ್ಧಕ್ಕರ್ಧ ಮನೆಗೆ ತಲುಪಿಸುವ ಆನ್‌ಲೈನ್ ಆರ್ಡರ್. ಟೇಬಲ್ ಖಾಲಿ ಇದ್ದರೂ ಊಟ ಯಾಕೆ ಬರಲಿಲ್ಲ ಅಂತ ಆಗ ಗೊತ್ತಾಯಿತು. ಆ ಅಡುಗೆಯವನ ಮೇಲೆ ನನಗೆ ಕೋಪ ಇಲ್ಲ. ಪಾಪ, ತಾನೇ ಸಕ್ಕರೆ ಡಬ್ಬಿ ಹಿಡಿದುಕೊಂಡು ಟೇಬಲ್‌ವರೆಗೂ ಬಂದ. ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿದೆವು. ಹದಿನೈದು ನಿಮಿಷ ಬಿಟ್ಟು ನೋಡಿದಾಗ 84ಕ್ಕೆ ಬಂದಿತ್ತು. ರಾಗಿ ದೋಸೆ ಟೇಬಲ್‌ಗೆ ಬಂದಿದ್ದು 6.50ಕ್ಕೆ. ಹತ್ತು ನಿಮಿಷ ಅಂದಿದ್ದಕ್ಕೆ ಒಂದು ಗಂಟೆ.

ಸಕ್ಕರೆ ಒಂದು ಸಲ ಮೇಲೆ ಬಂದರೂ ಮತ್ತೆ ಇಳಿಯಬಹುದು, ಹೊಟ್ಟೆಗೆ ಊಟ ಬೀಳಲೇಬೇಕು. ಹಾಗಾಗಿ ಅವರು ನಿಧಾನಕ್ಕೆ ದೋಸೆ ಮುಗಿಸುವ ತನಕ ಯಾರೂ ಏಳಲಿಲ್ಲ. ಅಷ್ಟರಲ್ಲಿ ಮೊದಲನೇ ಹುಡುಗ ಬಿಲ್ ತರುವ ಮುಂಚೆ ಫೋನ್ ಹಿಡಿದುಕೊಂಡು ಬಂದ. ಐದು ಸ್ಟಾರ್ ಕೊಟ್ಟರೆ ಬ್ರೌನಿ ಫ್ರೀ ಅಂತೆ. ಎದುರಿಗೆ ಒಬ್ಬ ಹಿರಿಯರು ಬೆವರು ಒರೆಸಿಕೊಂಡು ಕೂತಿದ್ದಾರೆ, ಇವನು ಸ್ಟಾರ್ ಕೇಳುತ್ತಿದ್ದಾನೆ. ಆ 4.7 ಎಲ್ಲಿಂದ ಬಂತು ಅಂತ ತಿಳಿಯಿತು. ಈಗ ನಾನು ಒಂದು, ಎರಡು ಸ್ಟಾರ್ ಕೊಟ್ಟವರು ಬರೆದಿದ್ದನ್ನು ಮಾತ್ರ ಓದುತ್ತೇನೆ. ಅಲ್ಲಿ "ಲೇಟ್", "ಕಾಯಿಸಿದರು" ಅನ್ನುವ ಮಾತು ಮತ್ತೆ ಮತ್ತೆ ಕಂಡರೆ ನಾಟಕಕ್ಕೆ ಮುಂಚೆ ಆ ಕಡೆ ತಲೆ ಹಾಕಬೇಡಿ.

ಇನ್ನು ಬಿಲ್. ತಿಂಡಿ, ಎರಡು ನಿಂಬೆ ಜ್ಯೂಸ್, ಎರಡು ನೀರಿನ ಬಾಟಲಿ ಸೇರಿ 1,310 ರೂಪಾಯಿ. ತಿನ್ನದೇ ಬಿಟ್ಟ ಗೋಬಿಯ 240 ಕೂಡ ಅದರಲ್ಲೇ ಇತ್ತು. ಅದರ ಕೆಳಗೆ "ಆಂಬಿಯನ್ಸ್ ಚಾರ್ಜ್" ಅಂತ ಶೇ 10, ಅಂದರೆ 131. ಎರಡೂ ಸೇರಿಸಿ ಅದರ ಮೇಲೆ ಶೇ 5 ಜಿಎಸ್‌ಟಿ. ಒಟ್ಟು 1,513. ಏನಪ್ಪಾ ಇದು ಅಂತ ಕೇಳಿದರೆ "ಎಲ್ಲರೂ ಕೊಡ್ತಾರೆ ಮೇಡಂ, ಸಿಸ್ಟಂನಲ್ಲೇ ಬರುತ್ತೆ" ಅನ್ನುವ ಉತ್ತರ. ಗಂಟೆ ಏಳು ದಾಟಿತ್ತು, ದೊಡ್ಡಮ್ಮ "ಕೊಟ್ಬುಡವ್ವ, ಮಗು ಕಾಯ್ತಿರ್ತದೆ" ಅಂದರು. ಕೊಟ್ಟುಬಿಟ್ಟೆವು. ನೀವು ಕೊಡಬೇಡಿ.

ಯಾಕೆ ಅಂತ ಹೇಳುತ್ತೇನೆ, ಇದು ತಿಳಿದಿರಲೇಬೇಕು. ಹೋಟೆಲ್‌ನವರು ಸರ್ವಿಸ್ ಚಾರ್ಜನ್ನು ತಾವಾಗಿಯೇ ಬಿಲ್‌ಗೆ ಸೇರಿಸುವ ಹಾಗಿಲ್ಲ ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದೇ ಮಾರ್ಗಸೂಚಿ ಹೊರಡಿಸಿದೆ. ಬೇರೆ ಹೆಸರಿಟ್ಟು ವಸೂಲಿ ಮಾಡುವಂತಿಲ್ಲ, ಅದನ್ನು ಬಿಲ್‌ಗೆ ಸೇರಿಸಿ ಅದರ ಮೇಲೆ ಜಿಎಸ್‌ಟಿ ಹಾಕುವಂತಿಲ್ಲ ಅಂತಲೂ ಅದರಲ್ಲಿದೆ. ನಮ್ಮ ಬಿಲ್‌ನಲ್ಲಿ ಇವೆರಡನ್ನೂ ಮಾಡಿದ್ದರು. ಹೋಟೆಲ್ ಸಂಘಗಳು ಕೋರ್ಟಿಗೆ ಹೋಗಿದ್ದವು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಹಾಗಾಗಿ ಆ ಸಾಲು ಕಂಡರೆ ತೆಗೆದು ಬೇರೆ ಬಿಲ್ ಕೊಡಿ ಅಂತ ಧೈರ್ಯವಾಗಿ ಕೇಳಿ. ಒಪ್ಪದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ನಾನು ಮಾರನೇ ದಿನ ಮಾಡಿದೆ, ದೂರಿನ ನಂಬರ್ ಸಿಕ್ಕಿದೆ. ಬಿಲ್ ಇಲ್ಲದಿದ್ದರೆ ಇದ್ಯಾವುದೂ ನಡೆಯುವುದಿಲ್ಲ, ಆದ್ದರಿಂದ ಬಿಲ್ ಕೇಳಿ ಪಡೆದು ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ನೀರಿನ ಬಾಟಲಿಗೆ ತಲಾ 70 ಹಾಕಿದ್ದರು, ಮುದ್ರಿತ ಬೆಲೆಗಿಂತ ಬಹಳ ಜಾಸ್ತಿ. ಆದರೆ ಅದಕ್ಕೆ ಜಗಳ ಆಡಿ ಪ್ರಯೋಜನ ಇಲ್ಲ. ಹೋಟೆಲ್ ಒಳಗೆ ಕೂತು ಕುಡಿಯುವ ಬಾಟಲಿಗೆ ಎಂಆರ್‌ಪಿ ಮಿತಿ ಅನ್ವಯಿಸುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಕೂತ ತಕ್ಷಣ "ಬಾಟಲಿ ಬೇಡ, ಮಾಮೂಲಿ ನೀರು ಕೊಡಿ" ಅನ್ನಿ, ಟೇಬಲ್ ಮೇಲೆ ಮೊದಲೇ ಇಟ್ಟಿರುವ ಬಾಟಲಿ ತೆಗೆಸಿಬಿಡಿ. ಇನ್ನೊಂದು, ಬಿಲ್ ಮೇಲೆ ಎಫ್‌ಎಸ್‌ಎಸ್‌ಎಐ, ಅಂದರೆ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ನಂಬರ್ ಇರಬೇಕು. ನಮ್ಮದರಲ್ಲಿ ಇರಲಿಲ್ಲ. ಬಣ್ಣದ ವಿಷಯವನ್ನೂ ಸೇರಿಸಿ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ದೂರು ಹಾಕಿದ್ದೇನೆ.

ಕಲಾಮಂದಿರ ತಲುಪಿದಾಗ 7.35. ಕಿರುರಂಗಮಂದಿರದ ಬಾಗಿಲು ಹಾಕಿತ್ತು. ಬಾಗಿಲಲ್ಲಿದ್ದ ಹುಡುಗ ದೃಶ್ಯ ಮುಗಿದ ಮೇಲೆ ಒಳಗೆ ಬಿಟ್ಟ, ಅವನದು ತಪ್ಪಿಲ್ಲ, ನಾಟಕದ ಮಧ್ಯೆ ಬಾಗಿಲು ತೆಗೆಯಬಾರದು. ಒಳಗೆ ಹೋಗಿ ಕೂತು ಹತ್ತು ನಿಮಿಷ ದೊಡ್ಡಮ್ಮ ರಂಗದ ಮೇಲೆ ಬಂದ ಪ್ರತಿ ಹುಡುಗಿಯನ್ನೂ ಮುಂದಕ್ಕೆ ಬಾಗಿ ನೋಡುತ್ತಿದ್ದರು. ಆಮೇಲೆ ನನ್ನ ಕಿವಿಯಲ್ಲಿ, "ಆಗೋಯ್ತೇನವ್ವ ನಮ್ಮುಡ್ಗೀದು?" ಅಂತ ಕೇಳಿದರು. ಹೂಂ ದೊಡ್ಡಮ್ಮ ಅಂದೆ. ಏನೂ ಮಾತಾಡಲಿಲ್ಲ ಅವರು. ನಾಟಕ ಮುಗಿದ ಮೇಲೆ ಹುಡುಗಿ ಬಣ್ಣ ತೆಗೆಯದೆ ಓಡಿ ಬಂದಳು. ಎರಡನೇ ಸಾಲಿನಲ್ಲಿ ನಾಲ್ಕು ಸೀಟು ಹಿಡಿಸಿದ್ದಳಂತೆ, ಖಾಲಿ ಇದ್ದದ್ದು ರಂಗದಿಂದಲೇ ಕಾಣಿಸಿತಂತೆ. ಅಜ್ಜಿಗೆ ಏನಾಯಿತೋ ಅನ್ನುವ ಭಯದಲ್ಲೇ ಮಾತು ಒಪ್ಪಿಸಿದ್ದಾಳೆ.

ಇನ್ಸುಲಿನ್ ವಿಷಯ ಮಾತ್ರ ಇನ್ನೊಂದು ಸಲ ಹೇಳುತ್ತೇನೆ. ಹೋಟೆಲ್‌ನವರ "ಹದಿನೈದು ನಿಮಿಷ" ನಂಬಿಕೊಂಡು ಯಾರೂ ಚುಚ್ಚಿಕೊಳ್ಳಬೇಡಿ. ದೊಡ್ಡಮ್ಮನ ಡಾಕ್ಟರ್ ಮಾರನೇ ದಿನ ಬೈದೇ ಹೇಳಿದರು. ಹೊರಗೆ ಊಟ ಮಾಡುವ ದಿನ ಯಾವಾಗ ತೆಗೆದುಕೊಳ್ಳಬೇಕು ಅಂತ ಮೊದಲೇ ಕೇಳಿಕೊಂಡು ಹೋಗಬೇಕಂತೆ. ಒಬ್ಬೊಬ್ಬರ ಇನ್ಸುಲಿನ್ ಒಂದೊಂದು ತರಹ, ನಿಮ್ಮ ಡಾಕ್ಟರನ್ನು ನೀವು ಕೇಳಿ. ಚೀಲದಲ್ಲಿ ಸಕ್ಕರೆಯೋ ಗ್ಲೂಕೋಸ್ ಪುಡಿಯೋ ಇರಲಿ. ಶುಗರ್ ಇಳಿದಾಗ ಯಾವ ಬೋರ್ಡನ್ನೂ ನೋಡಬೇಡಿ, ಯಾರು ಏನೇ ಅಂದರೂ ಅಲ್ಲೇ ಬಾಯಿಗೆ ಹಾಕಿ.

ಹಾಗಾದರೆ ಊಟ ಎಲ್ಲಿ ಅಂದರೆ, ನಾಟಕಕ್ಕೆ ಮುಂಚೆ ಇಡ್ಲಿ, ಖಾಲಿ ದೋಸೆ, ಬಿಸಿಬೇಳೆಬಾತ್ ತಟ್ಟೆಗೆ ಬೀಳುವುದು ಕಣ್ಣಿಗೆ ಕಾಣುವ ಕಡೆ ಹೋಗಿ. ಒಂಟಿಕೊಪ್ಪಲಿನಲ್ಲಿ ಸಣ್ಣ ಟಿಫನ್ ಹೋಟೆಲ್‌ಗಳಿವೆ, ಪಡುವಾರಹಳ್ಳಿಯಲ್ಲಿ ಸ್ಟೂಡೆಂಟ್‌ಗಳು ಊಟ ಮಾಡುವ ಮೆಸ್‌ಗಳಿವೆ, ಎರಡೂ ಕಲಾಮಂದಿರಕ್ಕೆ ಹತ್ತಿರ. ಬಹುರೂಪಿ ನಾಟಕೋತ್ಸವದ ದಿನಗಳಲ್ಲಾದರೆ ರಂಗಾಯಣದ ಆವರಣದಲ್ಲೇ ಊಟದ ಮಳಿಗೆ ಹಾಕಿರುತ್ತಾರೆ, ಹೊರಗೆ ಹೋಗುವ ಅಗತ್ಯವೇ ಇಲ್ಲ. ದೀಪದ ಸರ ಹಾಕಿದ ಜಾಗಕ್ಕೆ ಹೋಗಲೇಬೇಕು ಅಂದರೆ ನಾಟಕ ಮುಗಿಸಿಕೊಂಡು ಹೋಗಿ, ಆಗ ಎಷ್ಟು ಕಾಯಿಸಿದರೂ ನಾಟಕವಂತೂ ತಪ್ಪುವುದಿಲ್ಲ.

ಆ ರಾತ್ರಿ ಮನೆಗೆ ಬಂದ ಮೇಲೆ ಮದ್ದೂರು ವಡೆ ಪೊಟ್ಟಣ ಬಿಚ್ಚಿದೆವು. ಅದೇ ತಂಡ ಮುಂದಿನ ತಿಂಗಳು ಮತ್ತೆ ಇದೇ ನಾಟಕ ಆಡುತ್ತಿದೆ, ದೊಡ್ಡಮ್ಮ ಬರುತ್ತೇನೆ ಅಂದಿದ್ದಾರೆ. ಈ ಸಲ ಸಂಜೆ ಮನೆಯಲ್ಲೇ ಮುದ್ದೆ, ಬಸ್ಸಾರು. ಕಲಾಮಂದಿರದ ಹತ್ತಿರ ಸಂಜೆ ಆರಕ್ಕೆ ಬಿಸಿ ಊಟ ಕೂತ ತಕ್ಷಣ ಬಡಿಸುವ, ಬೆಳಕು ಚೆನ್ನಾಗಿರುವ ಜಾಗ ನಿಮಗೆ ಗೊತ್ತಿದ್ದರೆ ತಿಳಿಸಿ. ಹೊರ ಊರಿನಿಂದ ನಾಟಕಕ್ಕೆ ಬರುವ ಬೇರೆಯವರಿಗೂ ಅನುಕೂಲ ಆಗುತ್ತದೆ.