ಪದೇ ಪದೇ ಉಳುಕುವ ಕಾಲಿಗೆ ಟೇಪ್, ಬ್ರೇಸ್, ಒಂಟಿಕಾಲಿನ ಕಸರತ್ತು: ಮೂರನ್ನೂ ಮಾಡಿ ನೋಡಿದೆ

ಹದಿನಾಲ್ಕು ತಿಂಗಳಲ್ಲಿ ನನ್ನ ಬಲಗಾಲು ಮೂರು ಸಲ ಉಳುಕಿತು. ಮೂರೂ ಸಲ ವಾಲಿಬಾಲ್ ನೆಟ್ ಪಕ್ಕದಲ್ಲೇ. ಬ್ಲಾಕ್ ಮಾಡಲು ಹಾರಿ ಇಳಿಯುವಾಗ ಎದುರಿನವರ ಪಾದದ ಮೇಲೆ ಕಾಲು ಬೀಳುತ್ತದೆ, ಪಾದ ಒಳಕ್ಕೆ ಮಡಚಿಕೊಳ್ಳುತ್ತದೆ. ಆಂಕಲ್‌ನ ಹೊರಗಡೆ ಉಬ್ಬಿರುವ ಮೂಳೆಯ ಮುಂದೆ ಒಂದು ಲಿಗಮೆಂಟ್, ಅಂದರೆ ಮೂಳೆಗೆ ಮೂಳೆಯನ್ನು ಕಟ್ಟಿಹಿಡಿಯುವ ಪಟ್ಟಿ, ಇದೆ. ಸಾಮಾನ್ಯವಾಗಿ ಮೊದಲ ಪೆಟ್ಟು ಅದಕ್ಕೇ.

ಮೊದಲೆರಡು ಸಲ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಐಸ್ ಇಟ್ಟೆ, ಕ್ರೇಪ್ ಬ್ಯಾಂಡೇಜ್ ಸುತ್ತಿದೆ, ಎರಡು ವಾರ ಸುಮ್ನೆ ಕೂತೆ. ಊತ ಇಳಿಯಿತು, ನೋವು ಹೋಯಿತು, ಮತ್ತೆ ಆಡಲು ಇಳಿದೆ. ತಪ್ಪಾಗಿದ್ದು ಅಲ್ಲೇ. ನೋವು ಹೋದ ಮಾತ್ರಕ್ಕೆ ಕಾಲು ಆಟಕ್ಕೆ ಸಿದ್ಧವಾಗಿರುವುದಿಲ್ಲ. ಪಾದ ಎತ್ತ ವಾಲುತ್ತಿದೆ ಎಂದು ಮೆದುಳಿಗೆ ಹೇಳುವ ನರದ ತುದಿಗಳು ಲಿಗಮೆಂಟಿನಲ್ಲೂ ಇರುತ್ತವೆ. ಅದು ಹರಿದಾಗ ಆ ಸುದ್ದಿಯೂ ತಡವಾಗಿ ಮುಟ್ಟುತ್ತದೆ.

ಮೂರನೇ ಸಲ ಫಿಸಿಯೋ ಒಂದು ಪರೀಕ್ಷೆ ಮಾಡಿಸಿದರು. ಕಣ್ಣು ಮುಚ್ಚಿ ಒಂಟಿಕಾಲಲ್ಲಿ ನಿಲ್ಲಬೇಕು, ಅಷ್ಟೇ. ಎಡಗಾಲಲ್ಲಿ ಮೂವತ್ತು ಎಣಿಸಿದೆ. ಬಲಗಾಲಲ್ಲಿ ಆರು ಎಣಿಸುವಷ್ಟರಲ್ಲಿ ಗೋಡೆ ಹಿಡಿದಿದ್ದೆ. ಪಾದದ ಮೇಲಿನ ಸ್ನಾಯುರಜ್ಜುಗಳೆಲ್ಲ ಹಗ್ಗದಂತೆ ಎದ್ದು ಪಟಪಟ ಅಂತಿದ್ದವು, ನೋವು ಮಾತ್ರ ಒಂಚೂರೂ ಇರಲಿಲ್ಲ! ಆವತ್ತಿನಿಂದ ಸರಿಯಾಗಿ ಪ್ರಯತ್ನ ಶುರುಮಾಡಿದೆ.

ಮೊದಲು ಟೇಪ್. ಎಳೆದರೆ ಹಿಗ್ಗದ ಬಿಳಿ ಟೇಪನ್ನು ಪಾದದ ಒಳಬದಿಯಿಂದ ಹಿಮ್ಮಡಿಯ ಕೆಳಗೆ ಹಾಯಿಸಿ ಹೊರಬದಿಗೆ ಎಳೆದು ಅಂಟಿಸುತ್ತಾರೆ. ಹಾಕಿದ ಕೂಡಲೇ ಕಾಲು ಗಟ್ಟಿಯಾದಂತೆ ಅನಿಸುತ್ತದೆ, ಶೂ ಬಿಗಿಯಾಗುವುದಿಲ್ಲ. ಆದರೆ ಅರ್ಧ ಗಂಟೆ ಆಡಿ ಬೆವರಿದರೆ ಆ ಬಿಗಿತ ಬಹುಪಾಲು ಹೋಗಿರುತ್ತದೆ. ನನಗೆ ನಾನೇ ಸರಿಯಾಗಿ ಸುತ್ತಿಕೊಳ್ಳಲು ಆಗಲೇ ಇಲ್ಲ. ಮೂರನೇ ವಾರಕ್ಕೆ ಚರ್ಮವೂ ಕಿತ್ತು ಬಂತು. ಟೀಮಿಗೆ ಒಬ್ಬ ಫಿಸಿಯೋ ಇದ್ದವರಿಗೆ ಟೇಪ್ ಸರಿ, ನನ್ನಂಥವರಿಗೆ ಅಲ್ಲ.

ಬ್ರೇಸ್, ಅಂದರೆ ಆಂಕಲ್ ಹೊರಳದಂತೆ ಹಿಡಿಯುವ ಕವಚ, ಬೇರೆಯೇ ಅನುಭವ. ಲೇಸ್ ಕಟ್ಟುವ, ಎರಡು ಪಕ್ಕಕ್ಕೂ ಪಟ್ಟಿ ಇರುವಂಥದ್ದು ತಗೊಂಡೆ. ಹಾಕಲು ಎರಡು ನಿಮಿಷ ಸಾಕು. ಸಡಿಲವಾದರೆ ಸೆಟ್ ಮಧ್ಯೆ ಮತ್ತೆ ಬಿಗಿಯಬಹುದು, ಟೇಪಿನಲ್ಲಿ ಇದು ಆಗದು. ಕಟ್ಟುವಾಗ ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ, ಪಾದವನ್ನು ಮೊಣಕಾಲಿನ ಕಡೆ ಎಳೆದುಕೊಂಡು ಬಿಗಿಯಿರಿ. ಪಾದ ಚಾಚಿಕೊಂಡು ಕಟ್ಟಿದರೆ ಸರಿಯಾಗಿ ಕೂರುವುದಿಲ್ಲ. ಶೂ ಬಿಗಿಯಾಗುವುದು ನಿಜ. ಒಳಗಿನ ಸೋಲ್ ತೆಗೆದು ತೆಳುವಾದದ್ದು ಹಾಕಿದ ಮೇಲೆ ನನಗೆ ಸರಿಹೋಯಿತು. ಬ್ರೇಸ್ ಹಾಕಿದರೆ ಕಾಲು ಸೋಮಾರಿಯಾಗುತ್ತದೆ ಎಂದು ತುಂಬ ಜನ ಹೆದರಿಸಿದರು. ಹತ್ತು ತಿಂಗಳು ಹಾಕಿ ಆಡಿದ್ದೇನೆ, ನನಗೆ ಹಾಗೆ ಆಗಿಲ್ಲ.

ಇನ್ನು ಕಸರತ್ತು. ವಾರಕ್ಕೆ ಮೂರು ದಿನ, ಎಂಟು ವಾರ. ಮೊದಲು ನೆಲದ ಮೇಲೆ ಒಂಟಿಕಾಲು, ಆಮೇಲೆ ಕಣ್ಣು ಮುಚ್ಚಿ, ಆಮೇಲೆ ದಿಂಬಿನ ಮೇಲೆ ನಿಂತು ಚೆಂಡು ಹಿಡಿಯುವುದು, ಕೊನೆಗೆ ಕುಪ್ಪಳಿಸಿ ಅಲುಗಾಡದೆ ನಿಲ್ಲುವುದು. ಬೇಜಾರಿನ ಕೆಲಸ, ನಿಜ. ಮೂರು ವಾರ ಏನೂ ಬದಲಾದಂತೆ ಕಾಣಲಿಲ್ಲ. ಐದನೇ ವಾರ ಒಂದು ದಿನ ಕಣ್ಣು ಮುಚ್ಚಿ ಇಪ್ಪತ್ತೆರಡು ಎಣಿಸಿದೆ. ಆ ಖುಷಿ ಇನ್ನೂ ನೆನಪಿದೆ.

ಹಾಗಾದರೆ ಯಾವುದು ಮೇಲು? ನೆದರ್ಲೆಂಡ್ಸ್‌ನಲ್ಲಿ ಇದನ್ನು ಎರಡು ಸಲ ಚೆನ್ನಾಗಿ ಪರೀಕ್ಷಿಸಿದ್ದಾರೆ. 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಾಲು ಉಳುಕಿದ್ದ 522 ಕ್ರೀಡಾಪಟುಗಳಿದ್ದರು. ಮನೆಯಲ್ಲೇ ಎಂಟು ವಾರ ಇಂಥ ಕಸರತ್ತು ಮಾಡಿದವರಲ್ಲಿ ಒಂದು ವರ್ಷದೊಳಗೆ ಶೇ. 22ರಷ್ಟು ಮಂದಿಗೆ ಮತ್ತೆ ಉಳುಕಿತು, ಮಾಡದವರಲ್ಲಿ ಶೇ. 33. 2014ರ ಅಧ್ಯಯನ ಬ್ರೇಸನ್ನೂ ಕಸರತ್ತನ್ನೂ ಎದುರುಬದುರು ಇಟ್ಟಿತು. ಆಟದ ವೇಳೆ ವರ್ಷವಿಡೀ ಬ್ರೇಸ್ ಹಾಕಿದವರಲ್ಲಿ ಶೇ. 15, ಬರೀ ಕಸರತ್ತು ಮಾಡಿದವರಲ್ಲಿ ಶೇ. 27.

ಅಂಕಿ ನೋಡಿದರೆ ಬ್ರೇಸೇ ಗೆದ್ದಂತೆ, ಅಲ್ವಾ? ಮೈದಾನದಲ್ಲಿ ನಾನೂ ಅದನ್ನೇ ನಂಬುತ್ತೇನೆ. ಆದರೆ ಕತ್ತಲಲ್ಲಿ ಮೆಟ್ಟಿಲು ಇಳಿಯುವಾಗ ಕಾಲಿಗೆ ಬ್ರೇಸ್ ಇರುವುದಿಲ್ಲ. ಹೋದ ತಿಂಗಳು ಕೊನೆಯ ಮೆಟ್ಟಿಲು ತಪ್ಪಿ ಪಾದ ಹೊರಳಿತು. ನಾನು ಯೋಚಿಸುವ ಮೊದಲೇ ಕಾಲು ತಾನಾಗಿ ಸರಿಮಾಡಿಕೊಂಡಿತು. ಕಸರತ್ತು ಇಲ್ಲದಿದ್ದರೆ ಅದು ನಾಲ್ಕನೇ ಉಳುಕು ಆಗುತ್ತಿತ್ತು ಎಂದೇ ನನ್ನ ನಂಬಿಕೆ. ಹಾಗಾಗಿ ಆಟಕ್ಕೆ ಬ್ರೇಸ್ ಇಟ್ಟುಕೊಂಡಿದ್ದೇನೆ, ಹಲ್ಲುಜ್ಜುವಾಗ ಒಂಟಿಕಾಲಲ್ಲಿ ನಿಲ್ಲುವುದನ್ನೂ ಬಿಟ್ಟಿಲ್ಲ. ಟೇಪ್ ಡ್ರಾಯರ್‌ನಲ್ಲಿದೆ.

ಇಷ್ಟೆಲ್ಲ ಹೇಳಿದ್ದು ಬರೀ ಉಳುಕಿಗೆ. ಬಿದ್ದ ಕೂಡಲೇ ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ, ಅಥವಾ ಆಂಕಲ್‌ನ ಎರಡು ಪಕ್ಕದ ಮೂಳೆಗಳ ಹಿಂಬದಿಯ ಅಂಚು ಒತ್ತಿದಾಗ ನೋವಾದರೆ, ಬ್ರೇಸ್ ಹುಡುಕಬೇಡಿ. ಮೊದಲು ಎಕ್ಸ್‌ರೇ ಮಾಡಿಸಿ.