ಐಫೋನ್ ಆ್ಯಪ್‌ನಲ್ಲಿ ಫೈಲ್ ಎಲ್ಲಿಡಬೇಕು: ಬಂಡಲ್‌ನಲ್ಲೋ, ಡಾಕ್ಯುಮೆಂಟ್ಸ್‌ನಲ್ಲೋ?

ಕನ್ನಡ ನಿಘಂಟಿನ ಆ್ಯಪ್ ಮಾಡುತ್ತಿದ್ದೀರಿ ಎಂದುಕೊಳ್ಳಿ. ಪದಗಳ ಎಸ್‌ಕ್ಯೂಲೈಟ್ (ಡೇಟಾಬೇಸ್) ಫೈಲನ್ನು ಆ್ಯಪ್ ತಯಾರಿಸುವ ಎಕ್ಸ್‌ಕೋಡ್‌ಗೆ ಎಳೆದು ಹಾಕಿದರೆ ಅದು ಬಂಡಲ್, ಅಂದರೆ ಆ್ಯಪ್‌ನ ಜೊತೆಗೇ ಫೋನಿಗೆ ಬರುವ ಫೈಲುಗಳ ಕಟ್ಟು, ಸೇರುತ್ತದೆ. ಮೊದಲ ದಿನದಿಂದಲೇ, ನೆಟ್ ಇಲ್ಲದೆಯೂ ಓದಬಹುದು. ಆದರೆ ಬಂಡಲ್‌ಗೆ ಡಿಜಿಟಲ್ ಸಹಿ ಬಿದ್ದಿರುತ್ತದೆ, ಫೋನಿನಲ್ಲಿ ಒಂದಕ್ಷರವನ್ನೂ ತಿದ್ದಲಾಗದು. ಸಿಮ್ಯುಲೇಟರ್ (ಮ್ಯಾಕ್‌ನಲ್ಲಿ ಓಡುವ ಅಣಕು ಐಫೋನ್) ಮಾತ್ರ ಬರೆಯಲು ಅವಕಾಶ ಕೊಟ್ಟುಬಿಡಬಹುದು. ಅದನ್ನು ನಂಬಿ ನಾನು ಎರಡು ದಿನ ಕಳೆದುಕೊಂಡಿದ್ದೇನೆ.

ಬಳಕೆದಾರರು ತಾವೇ ಸೇರಿಸುವ ಪದಗಳಿಗೆ ಆ್ಯಪ್ ಬರೆಯಬಹುದಾದ ಫೋಲ್ಡರ್ ಬೇಕು: ಡಾಕ್ಯುಮೆಂಟ್ಸ್ ಅಥವಾ ಅಪ್ಲಿಕೇಶನ್ ಸಪೋರ್ಟ್. ಎರಡೂ ಐಕ್ಲೌಡ್ ಬ್ಯಾಕಪ್‌ಗೆ ಹೋಗುತ್ತವೆ. ಡಾಕ್ಯುಮೆಂಟ್ಸನ್ನು ಫೈಲ್ಸ್ ಆ್ಯಪ್‌ನಲ್ಲಿ ತೋರಿಸಬಹುದು, ಹಾಗಾಗಿ ಅಲ್ಲಿ ಬಳಕೆದಾರರು ತಮ್ಮದೆನ್ನುವ ಫೈಲುಗಳು ಮಾತ್ರ ಇರಲಿ. ಡೇಟಾಬೇಸ್‌ಗೆ ನನ್ನ ಆಯ್ಕೆ ಅಪ್ಲಿಕೇಶನ್ ಸಪೋರ್ಟ್. ಆ ಫೋಲ್ಡರ್ ಮೊದಲೇ ಇರುವುದಿಲ್ಲ, ನೀವೇ ಸೃಷ್ಟಿಸಬೇಕು.

ಇಡೀ ನಿಘಂಟನ್ನು ಅಲ್ಲಿಗೆ ನಕಲು ಮಾಡುವವರಿದ್ದಾರೆ. ಬೇಡ: ಜಾಗ ಎರಡರಷ್ಟಾಗುತ್ತದೆ, ಬ್ಯಾಕಪ್ ಉಬ್ಬುತ್ತದೆ, ಮುಂದಿನ ಅಪ್‌ಡೇಟ್‌ನಲ್ಲಿ ತಿದ್ದಿದ ಪದಗಳು ಹಳೆಯ ನಕಲಿಗೆ ತಲುಪುವುದೇ ಇಲ್ಲ. ಮೂಲ ಬಂಡಲ್‌ನಲ್ಲೇ ಇರಲಿ, ಹೊಸ ಪದಗಳು ಮಾತ್ರ ಬೇರೆ ಫೈಲಿಗೆ ಹೋಗಲಿ.

ಮತ್ತೆ ಇಳಿಸಿಕೊಳ್ಳಬಹುದಾದ ಉಚ್ಚಾರಣೆಯ ಆಡಿಯೊಗೆ ಕ್ಯಾಶಸ್ ಫೋಲ್ಡರ್ ಸಾಕು. ಜಾಗ ಕಡಿಮೆಯಾದಾಗ ಅಲ್ಲಿರುವುದನ್ನು ಐಒಎಸ್ ಅಳಿಸಬಹುದು. ಟೆಂಪ್ ಫೋಲ್ಡರ್ ಕ್ಷಣದ ಕೆಲಸಕ್ಕೆ.

ಯಾವುದನ್ನೇ ಆರಿಸಿ, ಫೈಲಿನ ಪೂರ್ಣ ಪಾತ್ (ವಿಳಾಸ) ಉಳಿಸಿಡಬೇಡಿ. ಅಪ್‌ಡೇಟ್ ಆದಾಗ ಕಂಟೇನರ್‌ನ (ಆ್ಯಪ್‌ಗೆ ಐಒಎಸ್ ಕೊಡುವ ಜಾಗದ) ವಿಳಾಸ ಬದಲಾಗಬಹುದು. ಫೈಲಿನ ಹೆಸರನ್ನಷ್ಟೇ ಇಟ್ಟುಕೊಂಡು, ಫೋಲ್ಡರ್ ಎಲ್ಲಿದೆಯೆಂದು ಪ್ರತಿ ಸಲ ಐಒಎಸ್ ಒದಗಿಸುವ ಫೈಲ್‌ಮ್ಯಾನೇಜರ್ ಕ್ಲಾಸನ್ನೇ ಕೇಳಿ.