ಹಳ್ಳಿಕಾರ್, ಅಮೃತ್ ಮಹಲ್, ಕಿಲಾರಿ: ಮೂರನ್ನೂ ಕಟ್ಟಿ ನೋಡಿದ ಮೇಲೆ

ನಮ್ಮದು ಕಡೂರು ಕಡೆ. ರಾಗಿ ಹೊಲ, ಒಂದಿಷ್ಟು ತೆಂಗು. ಹೋರಿ ಕರು ಸಾಕಿ, ಪಳಗಿಸಿ, ಜೋಡಿ ಮಾಡಿ ಜಾತ್ರೆಯಲ್ಲಿ ಮಾರುವುದು ಅಪ್ಪನ ಕಾಲದಿಂದ ಬಂದ ಕಸುಬು. ಕಳೆದ ಸಿದ್ಧಗಂಗೆ ಜಾತ್ರೆಯಲ್ಲಿ ಮನೆಯಲ್ಲೇ ಹುಟ್ಟಿದ ನಾಲ್ಕು ಹಲ್ಲಿನ ಹಳ್ಳಿಕಾರ್ ಜೋಡಿ ಒಳ್ಳೇ ಬೆಲೆಗೆ ಹೋಯಿತು. ಅಂದಿನಿಂದ ಊರಿನ ಹುಡುಗರು ಒಬ್ಬೊಬ್ಬರಾಗಿ ಬಂದು ಕೇಳುತ್ತಿದ್ದಾರೆ: ಅಣ್ಣ, ಸಾಕೋದಾದ್ರೆ ಯಾವ ತಳಿ ಸಾಕೋಣ? ಹಳ್ಳಿಕಾರ್, ಅಮೃತ್ ಮಹಲ್, ಕಿಲಾರಿ, ಈ ಮೂರು ದನದ ತಳಿಯನ್ನೂ ನಮ್ಮ ಕೊಟ್ಟಿಗೆಯಲ್ಲಿ ಕಟ್ಟಿ ನೋಡಿದ್ದೇನೆ. ನನ್ನ ಮನಸ್ಸು ಹಳ್ಳಿಕಾರ್ ಕಡೆಗೆ, ಅದನ್ನು ಮೊದಲೇ ಹೇಳಿಬಿಡ್ತೀನಿ. ಯಾಕೆ ಅನ್ನೋದನ್ನು ಮುಂದೆ ಓದಿ.

ಕೊಂಬು, ಬಣ್ಣ, ಎತ್ತರ ಎಲ್ಲ ನಿಮಗೆ ಗೊತ್ತೇ ಇದೆ, ಬಿಡಿ. ಹಾಲಿನ ಮಾತೂ ಬೇಡ. ಮೂರರಲ್ಲಿ ಯಾವ ಹಸು ಕಟ್ಟಿದರೂ ಹಾಲು ಕರುವಿಗೆ, ಮಿಕ್ಕಿದ್ದು ಮನೆಯ ಕಾಫಿಗೆ.

ಕಿಲಾರಿಯದ್ದು ಬೇಗ ಮುಗಿಸುತ್ತೇನೆ. ವಿಜಯಪುರದ ಸಿದ್ಧೇಶ್ವರ ಜಾತ್ರೆಯಿಂದ ತಂದಿದ್ದೆ. ನೋಡಲು ಕಣ್ಣು ಸಾಲದು. ಬಿಳಿ ಮೈ, ಬಿಲ್ಲಿನ ಹಾಗೆ ಬಾಗಿದ ಕೊಂಬು, ಗಾಡಿಗೆ ಕಟ್ಟಿದರೆ ಹಿಂದೆ ಇರುವವರೆಲ್ಲ ಹಿಂದೆಯೇ. ಆದರೆ ಆ ಬಿರುಸು ನಡಿಗೆ ನಮ್ಮ ಕೆಲಸಕ್ಕೆ ಹೊಂದಲಿಲ್ಲ. ರಾಗಿ ಸಾಲಿನ ನಡುವೆ ಕಳೆ ತೆಗೆಯಲು ಎಡೆಕುಂಟೆ ಹೊಡೆಯುವಾಗ ಎತ್ತು ಹೆಜ್ಜೆ ಎಣಿಸಿದ ಹಾಗೆ ನಡೆಯಬೇಕು. ಒಂದು ಗೇಣು ಆಚೀಚೆ ಆದರೂ ಪೈರು ಕಿತ್ತು ಬರುತ್ತೆ. ಇನ್ನು ಬೆಲೆ. ಮಹಾರಾಷ್ಟ್ರದಲ್ಲಿ ಗಾಡಿ ಓಟಕ್ಕೆ 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಅವಕಾಶ ಕೊಟ್ಟ ಮೇಲೆ ಒಳ್ಳೇ ಕಿಲಾರಿ ಹೋರಿಗಳು ಓಟದವರ ಕಣ್ಣಿಗೆ ಬಿದ್ದಿವೆ. ಉಳುವವನ ಕೈಗೆ ಎಟುಕುವ ದರ ಅದಲ್ಲ. ಆ ಕಡೆಯ ಎರೆ ಭೂಮಿಯವರಿಗೆ ಸರಿ, ನನಗಲ್ಲ.

ಈಗ ಅಮೃತ್ ಮಹಲ್. ಇದರ ಬಗ್ಗೆ ಜಾಸ್ತಿ ಹೇಳಲೇಬೇಕು. ಈ ತಳಿ ಸಾಕುವ ಸರ್ಕಾರಿ ಕೇಂದ್ರ ಇರುವ ಅಜ್ಜಂಪುರ ನಮಗೆ ಕೂಗಳತೆಯಲ್ಲಿದೆ, ಆ ರಕ್ತದ ಮೇಲೆ ನನಗೆ ಸಣ್ಣಂದಿನಿಂದಲೂ ಆಸೆ.

ಈ ತಳಿ ಬೇರೆ ಎಲ್ಲಿಂದಲೋ ಬಂದದ್ದಲ್ಲ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗದ ದನಗಳಿಂದ ಆರಿಸಿ ಕಟ್ಟಿದ ಅರಮನೆಯ ಮಂದೆ. ಮೊದಲು ಬೆಣ್ಣೆ ಚಾವಡಿ ಅಂತಿತ್ತು, ಅಮೃತ್ ಮಹಲ್ ಎಂಬ ಹೆಸರು ಟಿಪ್ಪು ಕಾಲದ್ದು. ಇವನ್ನು ಸಾಕಿದ್ದು ಹೊಲಕ್ಕಲ್ಲ, ದಂಡಿಗೆ. ಫಿರಂಗಿ, ಮದ್ದುಗುಂಡು, ಡೇರೆ ಎಳೆಯಲು. ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ದಂಡು ನಡೆಸಿ ಚಿದಂಬರಂ ತಲುಪಿದ್ದು ಈ ಎತ್ತುಗಳ ಬಲದಿಂದ ಎಂದು ಹಳೇ ಗೆಜೆಟಿಯರ್‌ಗಳು ಬರೆದಿವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮಂದೆ ಇಂಗ್ಲಿಷರ ಕೈಗೆ ಬಂತು. ಹುಣಸೂರಿನಲ್ಲಿ ಅವರ ಠಾಣೆ ಇತ್ತು. ಬೇಸಿಗೆಗೆ ಬೇರೆ, ಮಳೆಗಾಲಕ್ಕೆ ಬೇರೆ, ಚಳಿಗಾಲಕ್ಕೆ ಬೇರೆ ಕಾವಲು, ಅಂದರೆ ಮಂದೆ ಮೇಯಲು ಬಿಟ್ಟ ಹುಲ್ಲುಗಾವಲು. ಎಂಥ ವ್ಯವಸ್ಥೆ ನೋಡಿ! 1860ರಲ್ಲಿ ಖರ್ಚು ಜಾಸ್ತಿ ಅಂತ ಇಡೀ ಮಂದೆಯನ್ನು ಮಾರಿಬಿಟ್ಟರು. ಕೊಂಡವರಲ್ಲಿ ಈಜಿಪ್ಟಿನ ಪಾಷಾ ಕೂಡ ಒಬ್ಬ. ಆಮೇಲೆ ಅಂಥ ಎತ್ತು ಬೇರೆ ಕಡೆ ಸಿಗದೆ 1866ರಲ್ಲಿ ಮತ್ತೆ ಮಂದೆ ಕಟ್ಟಬೇಕಾಯಿತು. ಇಂಥ ರಕ್ತ ಇವತ್ತಿಗೂ ಉಳಿದಿದೆಯಲ್ಲ ಅಂತ ನನಗೆ ನಿಜಕ್ಕೂ ಹೆಮ್ಮೆ.

ಅಜ್ಜಂಪುರದ ಕೇಂದ್ರದ ಹರಾಜಿನಲ್ಲಿ ಕೂಗಿ ಒಂದು ಜೊತೆ ಹೋರಿ ಕರು ತಂದೆ. ತಳಿ ಶುದ್ಧ, ಅದರಲ್ಲಿ ಎರಡು ಮಾತಿಲ್ಲ. ಜಾತ್ರೆಯಲ್ಲಾದರೆ ತಾಯಿ ಯಾವುದು, ಹೋರಿ ಯಾವುದು ಅನ್ನೋದಕ್ಕೆ ಮಾರುವವನ ಬಾಯಿಮಾತೇ ಗತಿ. ಅಜ್ಜಂಪುರದ ಕರುವಿಗೆ ಆ ಅನುಮಾನ ಇಲ್ಲ. ಕಾಲು, ಗೊರಸು, ಎದೆ ಒಂದಕ್ಕಿಂತ ಒಂದು ಗಟ್ಟಿ. ತೊಂದರೆ ಅಲ್ಲಿ ಅಲ್ಲ.

ಕಾವಲಲ್ಲಿ ಬೆಳೆದ ಕರುವಿಗೆ ಮನೆ ಅಂದರೇನು ಅಂತಲೇ ಗೊತ್ತಿರುವುದಿಲ್ಲ. ಕಲಗಚ್ಚು ಮುಂದಿಟ್ಟರೆ ಮೂಸಿ ಹಿಂದೆ ಸರಿಯುತ್ತೆ. ಬಾನಿಯ ನೀರು ಕುಡಿಯಲ್ಲ, ಕೆರೆಯ ನೀರೇ ಆಗಬೇಕು. ರಾಗಿ ಹುಲ್ಲು ಹಾಕಿದರೆ ನಾವು ಮರೆಯಾಗುವವರೆಗೆ ಬಾಯಿ ಹಾಕಲ್ಲ. ಕೊಟ್ಟಿಗೆಯ ಬಲ್ಬು ಹಾಕಿದ ತಕ್ಷಣ ಎರಡೂ ಬುಸುಗುಟ್ಟಿ ಗೂಟ ಜಗ್ಗುತ್ತಿದ್ದವು. ಯಾರೋ ಕೊಡೆ ಬಿಚ್ಚಿದರೆ ಮುಗಿಯಿತು. ಮೂಗುದಾರ ಹಾಕುವ ದಿನ ಅಕ್ಕಪಕ್ಕದ ಮನೆಯವರೆಲ್ಲ ಬರಬೇಕಾಯಿತು.

ಇಷ್ಟೇ ಆಗಿದ್ದರೆ ನಾನು ದೂರುತ್ತಿರಲಿಲ್ಲ. ತಾಳ್ಮೆ ಇದ್ದರೆ ಪಳಗಿಸಬಹುದು, ಪಳಗಿಸಿದೆ ಕೂಡ. ನಮ್ಮ ಮುದಿ ಎತ್ತಿನ ಕೊರಳಿಗೆ ಒಂದೊಂದನ್ನೇ ಜೊತೆ ಕಟ್ಟಿ ಕೆರೆ ಏರಿಯ ಮೇಲೆ ನಡೆಸಿದೆ. ಆಮೇಲೆ ಬರೀ ನೊಗ, ಆಮೇಲೆ ಮರದ ತುಂಡು, ಆಮೇಲೆ ಖಾಲಿ ಗಾಡಿ. ಒಮ್ಮೆ ಕಲಿತ ಮೇಲೆ ಅವುಗಳ ದುಡಿತ ನೋಡಬೇಕು. ಮಧ್ಯಾಹ್ನದ ಬಿಸಿಲಲ್ಲೂ ನಾಲಿಗೆ ಹೊರಗೆ ಹಾಕುತ್ತಿರಲಿಲ್ಲ. ಬೇರೆಯವರ ಎತ್ತು ನೆರಳಿಗೆ ಹೋದ ಮೇಲೂ ನಮ್ಮವು ನೇಗಿಲು ಎಳೆಯುತ್ತಿದ್ದವು.

ನನ್ನನ್ನು ಕಾಡಿದ್ದು ಬೇರೆ. ಅವು ಪಳಗಿದ್ದು ನನಗೊಬ್ಬನಿಗೆ. ನನ್ನ ದನಿ, ನನ್ನ ವಾಸನೆ, ನನ್ನ ಟವೆಲು. ನನ್ನ ತಮ್ಮ ಹತ್ತಿರ ಹೋದರೆ ಅವುಗಳ ಕಿವಿ ಮುಂದಕ್ಕೆ ಬರುತ್ತೆ, ತಲೆ ತಗ್ಗುತ್ತೆ. ನಮ್ಮ ಮನೆಯವಳು ಸಗಣಿ ಬಾಚಲು ಹೋಗುವ ಹಾಗಿಲ್ಲ. ನೆಂಟರ ಮದುವೆಗೆ ಹೋಗಿ ಒಂದು ರಾತ್ರಿ ಉಳಿದರೆ ಬೆಳಿಗ್ಗೆ ಅವನ್ನು ಬಿಚ್ಚಿ ನೀರಿಗೆ ಬಿಡುವವರಿಲ್ಲ. ಜ್ವರ ಬಂದು ಮಲಗಿದಾಗಲೂ ಎದ್ದು ಹೋಗಲೇಬೇಕು. ಮನೆಯಲ್ಲಿ ಮೂರು ಜನ ಗಂಡಾಳು ಇದ್ದು, ಎಲ್ಲರೂ ಮೊದಲ ದಿನದಿಂದ ಜೊತೆಗೆ ನಿಂತರೆ ಮಾತು ಬೇರೆ. ನಮ್ಮ ಮನೆಯಲ್ಲಿ ಅಷ್ಟು ಕೈ ಇಲ್ಲ. ತಮ್ಮ ಬೆಳಗಾದರೆ ಕೆಲಸಕ್ಕೆ ಬಸ್ಸು ಹತ್ತುತ್ತಾನೆ.

ಮಾರುವಾಗ ಈ ಗುಣ ಇನ್ನೂ ಜೋರಾಗಿ ಹೊಡೆಯುತ್ತೆ. ಜಾತ್ರೆಗೆ ಬಂದ ಗಿರಾಕಿ ಮೊದಲು ಮಾಡುವ ಕೆಲಸ ಏನು? ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಆಮೇಲೆ ಭುಜದ ಮೇಲೆ ಕೈಯಾಡಿಸಿ, ಸುಳಿ ಹುಡುಕಿ, ಬಾಲ ಎತ್ತಿ, ಕಾಲು ಮುಟ್ಟುತ್ತಾನೆ. ಹೊಸಬರ ಕೈ ಬಾಯಿ ಹತ್ತಿರ ಬಂದರೆ ಕೊಂಬು ಎತ್ತುವ ಎತ್ತಿಗೆ ಬೆಲೆ ಕಟ್ಟುವವರು ಯಾರು? ನನ್ನ ಜೋಡಿಯ ಸುತ್ತ ಜನ ನಿಂತು ನೋಡುತ್ತಿದ್ದರು, ಹೊಗಳುತ್ತಿದ್ದರು, ಮುಂದಕ್ಕೆ ಹೋಗುತ್ತಿದ್ದರು. ದಲ್ಲಾಳಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವ ಹಂತಕ್ಕೇ ವ್ಯಾಪಾರ ಬರಲಿಲ್ಲ. ಕೊನೆಗೆ ಕೊಂಡವರು ಹಾವೇರಿ ಕಡೆಯವರು, ಹೋರಿ ಬೆದರಿಸುವ ಹಬ್ಬಕ್ಕೆ ಇನ್ನೊಂದು ಜೊತೆ ಹುಡುಕುತ್ತಿದ್ದವರು. ಅವರಿಗೆ ಬೇಕಾಗಿದ್ದೇ ಆ ಬಿರುಸು. ದುಡ್ಡು ಬಂತು, ನಷ್ಟ ಆಗಲಿಲ್ಲ. ಆದರೆ ನಾನು ಅಷ್ಟು ಕಷ್ಟಪಟ್ಟು ಕಲಿಸಿದ ಉಳುಮೆ ಅವರಿಗೆ ಬೇಕಿರಲಿಲ್ಲ. ಅದು ಇವತ್ತಿಗೂ ಮನಸ್ಸಿಗೆ ನೋವು.

ಇದು ಆ ತಳಿಯ ತಪ್ಪು ಅಂತ ನಾನು ಹೇಳಲ್ಲ. ದಂಡಿನ ಮಂದೆಗೆ ಮೇಲ್ವಿಚಾರಣೆಯ ಸೇರ್ವೆಗಾರರಿದ್ದರು, ಕಾಯುವ ಗೊಲ್ಲರಿದ್ದರು, ಸಾವಿರಾರು ಎಕರೆ ಕಾವಲಿತ್ತು, ಸಂಬಳ ಕೊಡುವ ಸರ್ಕಾರ ಇತ್ತು. ಆ ಏರ್ಪಾಡಿನೊಳಗೆ ಹುಟ್ಟಿದ ಸ್ವಭಾವ ಅದು. ಈಗ ಕಾವಲುಗಳೇ ಕರಗುತ್ತಿವೆ. ಚಳ್ಳಕೆರೆ ಕಡೆ ಸಾವಿರಾರು ಎಕರೆ ಸಂಶೋಧನಾ ಸಂಸ್ಥೆಗಳಿಗೆ ಹೋಯಿತು. ನನ್ನಂಥವನು ಒಂಟಿ ಕೊಟ್ಟಿಗೆಯಲ್ಲಿ ಕಟ್ಟಿಕೊಂಡು ಆ ತಳಿಯನ್ನು ಉಳಿಸಲು ಆಗಲ್ಲ. ಉಳಿಯಬೇಕಾದರೆ ಕಾವಲು ಉಳಿಯಬೇಕು.

ಹಳ್ಳಿಕಾರ್ ಹೆಚ್ಚುಕಮ್ಮಿ ಅದೇ ರಕ್ತ, ಆದರೆ ಮನೆ ಬಾಗಿಲಲ್ಲಿ ಬೆಳೆದದ್ದು. ವ್ಯತ್ಯಾಸ ಎಲ್ಲ ಅಲ್ಲೇ ಇದೆ. ಹುಟ್ಟಿದ ದಿನದಿಂದ ಮಕ್ಕಳು ಕುತ್ತಿಗೆ ತಬ್ಬುತ್ತವೆ. ಹೆಂಗಸರು ಮೈ ತೊಳೆಯುತ್ತಾರೆ. ನನ್ನ ಮಗಳು ಶಾಲೆಯಿಂದ ಬಂದು ಬಾಯಿಗೆ ಬೆಲ್ಲ ಇಡುತ್ತಾಳೆ. ಹಾಗೆ ಬೆಳೆದ ಕರುವಿಗೆ ಬಾಯಿಗೆ ಬರುವ ಕೈ ಅಂದರೆ ಬೆಲ್ಲ, ಭಯ ಅಲ್ಲ. ಜಾತ್ರೆಯಲ್ಲಿ ಯಾರು ಹಲ್ಲು ನೋಡಿದರೂ ನಿಂತಿರುತ್ತೆ.

ಹಾಗಂತ ಮೆತ್ತಗೆ ಅಂದುಕೊಳ್ಳಬೇಡಿ. ತೇವ ಇರುವ ಬೆಳಗಿನ ಹೊತ್ತು ನೇಗಿಲು ಹೂಡಿದರೆ ಬಿಸಿಲು ಏರುವಷ್ಟರಲ್ಲಿ ಗೇಯ್ಮೆ ಮುಗಿದಿರುತ್ತೆ. ಬಿಸಿಲ ತಾಳಿಕೆಯಲ್ಲಿ ಅಮೃತ್ ಮಹಲ್‌ಗಿಂತ ಒಂದು ಕೈ ಕಮ್ಮಿ, ನಿಜ. ನನ್ನ ಜಮೀನಿಗೆ ಅಷ್ಟು ತಾಳಿಕೆ ಬೇಕಾಗಿಲ್ಲ.

ಜೋಡಿ ಹೊಂದಿಸುವುದೂ ಸುಲಭ. ಒಂದಕ್ಕೆ ಕಾಲು ಹೋದರೆ ಅದೇ ಎತ್ತರ, ಅದೇ ಕೊಂಬಿನ ಇನ್ನೊಂದು ಘಾಟಿ ಸುಬ್ರಹ್ಮಣ್ಯದ ಜಾತ್ರೆಯಲ್ಲೋ ಚುಂಚನಕಟ್ಟೆ ಜಾತ್ರೆಯಲ್ಲೋ ಸಿಕ್ಕೇ ಸಿಗುತ್ತೆ. ಮೇವಿಗೂ ವಿಶೇಷ ಖರ್ಚಿಲ್ಲ: ರಾಗಿ ಹುಲ್ಲು, ಉಳುಮೆ ದಿನಗಳಲ್ಲಿ ಹುರುಳಿ ನುಚ್ಚು, ಸ್ವಲ್ಪ ಹಿಂಡಿ. ಜಾತ್ರೆಗೆ ಮುಂಚೆ ಮಾತ್ರ ಕೈ ಬಿಚ್ಚಿ ಹಾಕುತ್ತೇನೆ.

ಹೋರಿ ಕೊಡಿಸುವ ವಿಷಯ ಒಂದು ಹೇಳಬೇಕು. ನಾಟಿ ಹಸು ಬೆದೆಗೆ ಬಂದದ್ದು ಎದ್ದು ಕಾಣಲ್ಲ, ಬೇಗ ಇಳಿದೂ ಹೋಗುತ್ತೆ. ಕೃತಕ ಗರ್ಭಧಾರಣೆಗೆ ಡಾಕ್ಟರನ್ನು ಕರೆಸುವಷ್ಟರಲ್ಲಿ ಹೊತ್ತು ಮೀರಿರುತ್ತೆ. ಅದಕ್ಕೆ ಪಕ್ಕದ ಊರಿನಲ್ಲಿ ಒಳ್ಳೇ ಬೀಜದ ಹೋರಿ ಇದ್ದರೆ ಅದೇ ವಾಸಿ. ಹೋರಿ ನೋಡುವ ಮೊದಲು ಅದರ ತಾಯಿ ನಡೆಯುವುದನ್ನು ನೋಡಿ. ಹಿಂಗಾಲು ಮುಂಗಾಲಿನ ಹೆಜ್ಜೆಯ ಮೇಲೆ ಬೀಳಬೇಕು. ಹಣೆಯ ನಡುವಿನ ಗೆರೆ, ಬೆನ್ನಿನ ನೇರ ಎಲ್ಲ ಆಮೇಲೆ. ನಮ್ಮ ಒಂದು ಹಳ್ಳಿಕಾರ್ ಹಸುವಿಗೆ ಅಮೃತ್ ಮಹಲ್ ಹೋರಿ ಕೊಡಿಸಿಯೂ ನೋಡಿದೆ. ಕರು ಗಟ್ಟಿಯಾಗಿತ್ತು, ಮನೆಯಲ್ಲೇ ಬೆಳೆದದ್ದರಿಂದ ಎಲ್ಲರ ಕೈಗೂ ಸಿಕ್ಕಿತು. ಆದರೆ ಜಾತ್ರೆಯಲ್ಲಿ ಅದಕ್ಕೆ ಸರಿಜೋಡಿ ಸಿಗಲಿಲ್ಲ.

ಕಾವಲಿನ ಅಂಚಿನಲ್ಲಿ ಊರಿದ್ದು, ಮನೆ ತುಂಬ ಗಂಡಾಳಿದ್ದು, ಮಾರುವ ಆತುರ ಇಲ್ಲದಿದ್ದರೆ ಅಮೃತ್ ಮಹಲ್ ಕಟ್ಟಿ, ನಾನೇ ಬಂದು ಪಳಗಿಸಲು ಕೈ ಹಾಕುತ್ತೇನೆ. ನನ್ನ ಹಾಗೆ ಎರಡು ಹಸು, ಒಂದು ಜೋಡಿ, ವರ್ಷಕ್ಕೊಮ್ಮೆ ಮಾರಿ ಸಾಲ ತೀರಿಸುವ ಲೆಕ್ಕ ಇದ್ದರೆ ಹಳ್ಳಿಕಾರ್ ಕರುವನ್ನೇ ತನ್ನಿ. ಜೋಡಿಯಾದ ಎತ್ತಿಗೆ ದುಡ್ಡು ಸುರಿಯಬೇಡಿ, ಹಾಲುಹಲ್ಲಿನ ಕರು ಎರಡು ಬೇರೆ ಬೇರೆ ಮನೆಯಿಂದಲಾದರೂ ಪರವಾಗಿಲ್ಲ. ತರುವ ಮೊದಲು ಮಾರುವವರ ಮನೆಗೇ ಹೋಗಿ, ಆ ಮನೆಯ ಮಕ್ಕಳು ಹತ್ತಿರ ಹೋದರೆ ಕರು ಏನು ಮಾಡುತ್ತೆ ನೋಡಿ.